ಗಿಫ್ಟ್ ಕಾರ್ಡ್ ಅಂದ ತಕ್ಷಣ ಫೋನ್ ಇಡು

ಬೆಂಗಳೂರು ಬಿಟ್ಟು ಅಮೆರಿಕಕ್ಕೆ ಬಂದು ಹದಿನೈದು ದಿನ ಆಗಿಲ್ಲ, ಆಗಲೇ ನಿನಗೂ ಆ ಫೋನ್ ಬಂತು. "ಅಕ್ಕಾ, ನನ್ನ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಸ್ಪೆಂಡ್ ಆಗಿದೆಯಂತೆ, ಒಂದನ್ನು ಒತ್ತಿ ಅಂತಿದ್ದಾರೆ, ನಿಜಾನಾ?" ಅಂತ ಕೇಳಿದ್ದೀಯ. ಜೊತೆಗೆ ಕೋಟು ಎಲ್ಲಿ ತಗೊಳ್ಳಲಿ, ಕುಕ್ಕರ್ ತರಿಸಲಾ ಅಂತಲೂ. ಕೋಟು ಇಲ್ಲೇ ತಗೋ, ಚಿಕ್ಕಪೇಟೆ ಸ್ವೆಟರ್ ಇಲ್ಲಿನ ಜನವರಿಗೆ ಸಾಲುವುದಿಲ್ಲ. ಕುಕ್ಕರ್ ತರಿಸು, ಗ್ಯಾಸ್ಕೆಟ್ ಒಂದೆರಡು ಜಾಸ್ತಿ ಇರಲಿ.

ಫೋನ್ ಮಾತ್ರ ಮೋಸದ್ದು. ಸೋಷಿಯಲ್ ಸೆಕ್ಯುರಿಟಿ ನಂಬರ್ ಅಂದರೆ ಇಲ್ಲಿ ಕೆಲಸಕ್ಕೆ, ತೆರಿಗೆಗೆ ಸರ್ಕಾರ ಕೊಡುವ ನಂಬರ್. ನಿನಗಿನ್ನೂ ಅದೇ ಬಂದಿಲ್ಲ ಅಲ್ವಾ? ಬಂದ ಮೇಲೂ ಅದನ್ನು ಯಾರೂ ಸಸ್ಪೆಂಡ್ ಮಾಡುವುದಿಲ್ಲ. ಅಂಥ ಪದ್ಧತಿಯೇ ಇಲ್ಲ.

ನಾನು ಬಂದದ್ದು 2014ರಲ್ಲಿ. ಆಗ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್ ಹೆಸರಿನ ಕರೆಗಳ ಹಾವಳಿ. ನಮ್ಮ ಮನೆಯಲ್ಲಿ ಮೈಸೂರಿನ ಹುಡುಗಿ ಒಬ್ಬಳಿದ್ದಳು, ತುಂಬಾ ಚುರುಕು. ತೆರಿಗೆ ಬಾಕಿ ಇದೆ, ಈಗಲೇ ಕಟ್ಟದಿದ್ದರೆ ಪೊಲೀಸರು ಬರುತ್ತಾರೆ, ವೀಸಾ ಹೋಗುತ್ತದೆ ಅಂತ ಅವಳಿಗೆ ಹೆದರಿಸಿದರು. ಫೋನ್ ಕಟ್ ಮಾಡಲು ಬಿಡಲಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ ಗಿಫ್ಟ್ ಕಾರ್ಡ್ ಕೊಂಡಳು. ಅದು ಮೊದಲೇ ದುಡ್ಡು ತುಂಬಿಸಿದ ಕಾರ್ಡ್, ಅದರ ಮೇಲಿನ ಅಂಕಿ ಗೊತ್ತಾದವರು ಆ ದುಡ್ಡು ಖರ್ಚು ಮಾಡಬಹುದು. ಯಾರಾದರೂ ಕೇಳಿದರೆ ಬರ್ತ್‌ಡೇ ಗಿಫ್ಟ್ ಅನ್ನು ಅಂತ ಮೊದಲೇ ಹೇಳಿಕೊಟ್ಟಿದ್ದರು. ಪಾರ್ಕಿಂಗ್ ಜಾಗದಲ್ಲಿ ನಿಂತು, ಉಗುರಿನಿಂದ ಕಾರ್ಡ್ ಕೆರೆದು, ಒಂದೊಂದೇ ಅಂಕಿ ಓದಿ ಹೇಳಿದಳು. ಸೆಮಿಸ್ಟರ್‌ಗೆ ಇಟ್ಟಿದ್ದ ದುಡ್ಡು ಅಷ್ಟೂ ಹೋಯಿತು.

ನಮಗೆ ಗೊತ್ತಾಗಿದ್ದು ಬಾಡಿಗೆ ಕೊಡುವ ದಿನ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಅತ್ತಳು. ಅವತ್ತು ನಾನು ಪಕ್ಕದ ರೂಮಿನಲ್ಲೇ ಇದ್ದೆ. ಬಾಗಿಲು ತಟ್ಟಿದ್ದರೆ ಸಾಕಿತ್ತು. ಅದು ಈಗಲೂ ನನ್ನನ್ನು ಕೊರೆಯುತ್ತದೆ.

2016ರಲ್ಲಿ ಮುಂಬೈ ಪಕ್ಕದ ಮೀರಾ ರೋಡಿನಲ್ಲಿ ಪೊಲೀಸರು ಇಂಥ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿದರು. ಐಆರ್‌ಎಸ್ ಅಂತ ಹೇಳಿಕೊಂಡು ಕರೆ ಮಾಡುತ್ತಿದ್ದವರು ನಮ್ಮ ದೇಶದ ಹುಡುಗ ಹುಡುಗಿಯರೇ. ಓದಿ ಹೊಟ್ಟೆ ಉರಿಯಿತು.

ಸರ್ಕಾರಿ ಆಫೀಸಿನಿಂದ ಫೋನ್ ಅಂದರೆ ಎದ್ದು ನಿಂತು ಮಾತಾಡುವ ಮನೆಗಳಲ್ಲಿ ಬೆಳೆದವರು ನಾವು. ವೀಸಾ ಅಂದರೆ ಸಾಕು, ಗಂಟಲು ಒಣಗುತ್ತದೆ. ಅವರಿಗೆ ಬೇಕಿರುವುದೂ ಅದೇ. ಇಲ್ಲಿ ತೆರಿಗೆ ಇಲಾಖೆ ಸಾಮಾನ್ಯವಾಗಿ ಮೊದಲು ಅಂಚೆಯಲ್ಲಿ ಕಾಗದ ಕಳಿಸುತ್ತದೆ. ಯಾವ ಸರ್ಕಾರಿ ಕಚೇರಿಯೂ ಗಿಫ್ಟ್ ಕಾರ್ಡ್‌ನಲ್ಲಿ ದುಡ್ಡು ಕೇಳುವುದಿಲ್ಲ. ಫೋನಿನಲ್ಲಿ ಕಾಣುವ ನಂಬರನ್ನೂ ನಂಬಬೇಡ, ಅದನ್ನು ಬೇಕಾದ ಹಾಗೆ ಬದಲಾಯಿಸಬಹುದು. ನಮ್ಮ ರಾಯಭಾರ ಕಚೇರಿಯ ನಂಬರೇ ಕಾಣುವ ಹಾಗೆ ಮಾಡಿ ದುಡ್ಡು ಕೇಳುತ್ತಿದ್ದಾರೆ ಅಂತ ವಾಷಿಂಗ್ಟನ್‌ನಿಂದ 2018ರಲ್ಲೇ ಎಚ್ಚರಿಕೆ ಬಂದಿತ್ತು. ಅನುಮಾನ ಬಂದರೆ ಕಟ್ ಮಾಡಿ, ಆ ಕಚೇರಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀನೇ ಮಾಡು. ವೀಸಾ ವಿಷಯವಾದರೆ ಕಾಲೇಜಿನ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಲ್ಲಿ ಕೇಳು. ಒಂದು, ಎರಡು ಯಾವುದನ್ನೂ ಒತ್ತಬೇಡ. ಒತ್ತಿದರೆ ಈ ನಂಬರಿನಲ್ಲಿ ಜನ ಇದ್ದಾರೆ ಅಂತ ಗೊತ್ತಾಗಿ ಇನ್ನೂ ಜಾಸ್ತಿ ಬರುತ್ತವೆ.

ಮಾರಾಟದ ಕರೆ ಬೇಡ ಅನ್ನುವವರಿಗಾಗಿ ಇಲ್ಲಿನ ಸರ್ಕಾರ ಇಟ್ಟಿರುವ ಡು ನಾಟ್ ಕಾಲ್ ಪಟ್ಟಿಗೆ ನಿನ್ನ ನಂಬರ್ ಸೇರಿಸು, ದುಡ್ಡೇನೂ ಇಲ್ಲ. ಆದರೆ ಅದಕ್ಕೆ ಬಗ್ಗುವುದು ನಿಯತ್ತಿನ ಕಂಪನಿಗಳು ಮಾತ್ರ. ಅಕಸ್ಮಾತ್ ದುಡ್ಡು ಹೋದರೆ ಕಾರ್ಡು, ರಸೀದಿ ಎಸೆಯದೆ ತಕ್ಷಣ ಕಾರ್ಡ್ ಕಂಪನಿಗೆ ಹೇಳು. ಆಮೇಲೆ ಗ್ರಾಹಕರ ದೂರು ಕೇಳುವ ಇಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೆ ದೂರು ಕೊಡು.

ನಿನಗಿಂತ ನನಗೆ ಚಿಂತೆ ಬಸವನಗುಡಿಯಲ್ಲಿರುವ ನಿಮ್ಮ ಅಪ್ಪ ಅಮ್ಮಂದು. "ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ" ಅಂತ ಅಲ್ಲಿಗೇ ಫೋನ್ ಹೋಗುತ್ತದೆ. ಈಗ ಮಗನ ಧ್ವನಿಯನ್ನೇ ಹೋಲುವ ಧ್ವನಿ ಕೇಳಿಸುವುದೂ ಸಾಧ್ಯ. ವಿಡಿಯೋದಲ್ಲಿ ಪೊಲೀಸ್ ಯೂನಿಫಾರ್ಮ್ ತೋರಿಸಿ ಡಿಜಿಟಲ್ ಅರೆಸ್ಟ್ ಅನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಇವತ್ತೇ ಅವರಿಗೆ ಹೇಳು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ದುಡ್ಡು ಹೋದರೆ ತಡಮಾಡದೆ ನಮ್ಮ ದೇಶದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬೇಗ ಹೇಳಿದಷ್ಟೂ ಖಾತೆಯಲ್ಲೇ ತಡೆಯುವ ಅವಕಾಶ ಜಾಸ್ತಿ. ಫ್ರಿಜ್ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಲು ಹೇಳು.

ಆ ಫೋನ್ ಮತ್ತೆ ಬಂದರೆ ಎತ್ತಬೇಡ. ಎತ್ತಿ ಹೆದರಿಕೆಯಾದರೆ ನನಗೆ ಮಾಡು, ರಾತ್ರಿ ಎರಡು ಗಂಟೆಯಾದರೂ ಸರಿ.