ಆಸ್ಪತ್ರೆ ಬಿಲ್ ಬಾಕಿಯನ್ನು ಎಷ್ಟು ವರ್ಷದವರೆಗೆ ವಸೂಲಿ ಮಾಡಬಹುದು?

ನೀವು ಬರೆದದ್ದು ಇಷ್ಟು: 2021ರ ಮೇ ತಿಂಗಳಲ್ಲಿ ತಂದೆಯವರು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು, 1.8 ಲಕ್ಷ ಬಾಕಿ ಉಳಿಯಿತು. ಈಗ ವಸೂಲಿಯವರು ಫೋನ್ ಮಾಡಿ "ಸದ್ಯಕ್ಕೆ 5,000 ಹಾಕಿ, ಉಳಿದದ್ದು ಕೊಡ್ತೀನಿ ಅಂತ ಲೆಟರ್ ಬರೆದುಕೊಡಿ" ಅನ್ನುತ್ತಿದ್ದಾರೆ. ದಯವಿಟ್ಟು ಆ ಲೆಟರ್ ಬರೆದುಕೊಡಬೇಡಿ. ಯಾಕೆಂದು ಹೇಳುತ್ತೇನೆ.

ಇಂಥ ಬಾಕಿಗೆ 1963ರ ಲಿಮಿಟೇಷನ್ ಕಾಯ್ದೆಯ ಪ್ರಕಾರ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಹಣ ಕೊಡುವ ದಿನ ಗೊತ್ತುಮಾಡಿರದಿದ್ದರೆ ಚಿಕಿತ್ಸೆ ಮುಗಿದಾಗಿನಿಂದ ಎಣಿಕೆ. ಬಿಲ್ ಕಟ್ಟುತ್ತೇನೆಂದು ಆಸ್ಪತ್ರೆಗೆ ಬರೆದುಕೊಟ್ಟ ಮುಚ್ಚಳಿಕೆಯಲ್ಲಿ ಗಡುವು ಇದ್ದರೆ ಆ ದಿನದಿಂದ. ಆದರೆ ನಿಮ್ಮದು ಕೋವಿಡ್ ಕಾಲದ ಬಿಲ್. 15-3-2020ರಿಂದ 28-2-2022ರವರೆಗಿನ ಅವಧಿಯನ್ನು ಎಣಿಕೆಯಿಂದ ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಹಾಗಾಗಿ ನಿಮ್ಮ ಮೂರು ವರ್ಷ ಶುರುವಾದದ್ದು 1-3-2022ಕ್ಕೆ, ಮುಗಿದದ್ದು 2025ರ ಫೆಬ್ರವರಿ ಕೊನೆಗೆ. ಇದನ್ನು ಮರೆತು "2024ಕ್ಕೇ ಮುಗೀತು" ಎಂದು ಲೆಕ್ಕ ಹಾಕುವವರು ಬಹಳ. ವಕೀಲರ ನೋಟಿಸ್ ಎಷ್ಟು ಬಂದರೂ ಅವಧಿ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ.

ಅವಧಿಯನ್ನು ಮತ್ತೆ ಶುರುಮಾಡುವುದು ಸಾಲಗಾರನ ಸಹಿ. ಮೂರು ವರ್ಷದೊಳಗೆ ಬಾಕಿ ಇದೆಯೆಂದು ಬರೆದು ಸಹಿ ಹಾಕಿದರೆ ಲಿಮಿಟೇಷನ್ ಕಾಯ್ದೆಯ 18ನೇ ಕಲಂ ಪ್ರಕಾರ ಆ ದಿನದಿಂದ ಹೊಸ ಮೂರು ವರ್ಷ. "ಬಾಕಿ ಇರೋದು ನಿಜ, ಈಗ ಕೊಡಲ್ಲ" ಎಂದು ಬರೆದರೂ ಅದು ಒಪ್ಪಿಗೆಯೇ. ಅವಧಿಯೊಳಗೆ ಭಾಗಶಃ ಹಣ ಕಟ್ಟಿ, ಅದಕ್ಕೆ ಕೈಬರಹ ಅಥವಾ ಸಹಿ ಇದ್ದರೆ 19ನೇ ಕಲಂ ಪ್ರಕಾರ ಆಗಲೂ ಹೊಸ ಮೂರು ವರ್ಷ. ಅವಧಿ ಮುಗಿದ ಮೇಲೆ ಈ ಎರಡೂ ಕೆಲಸಕ್ಕೆ ಬರುವುದಿಲ್ಲ. ಆದರೆ ಕರಾರು ಕಾಯ್ದೆಯ 25(3) ಇದೆ: ಅವಧಿ ಮೀರಿದ ಸಾಲವನ್ನೂ ಕೊಡುತ್ತೇನೆಂದು ಬರೆದು ಸಹಿ ಮಾಡಿದರೆ ಅದು ಹೊಸ ಕರಾರಾಗುತ್ತದೆ. ಅವರು ಕೇಳುತ್ತಿರುವ ಲೆಟರ್ ಅದೇ. ವಾಟ್ಸಾಪ್, ಇಮೇಲ್‌ನಲ್ಲೂ ಹಾಗೆ ಬರೆಯಬೇಡಿ. ಎಲೆಕ್ಟ್ರಾನಿಕ್ ಬರಹಕ್ಕೂ ಕಾನೂನಿನ ಮಾನ್ಯತೆಯಿದೆ.

ಇನ್ನು ಅಡ್ಮಿಷನ್ ದಿನ ನೀವು ಹಾಕಿದ ಸಹಿ ಯಾವುದಕ್ಕೆ? ಚಿಕಿತ್ಸೆಯ ಸಮ್ಮತಿ ಪತ್ರಕ್ಕೆ ಮಾತ್ರವಾದರೆ ಅದು ಹಣದ ಹೊಣೆಯಲ್ಲ. "ಬಿಲ್ ನಾನು ಕಟ್ಟುತ್ತೇನೆ" ಎಂಬ ಮುಚ್ಚಳಿಕೆಯಾದರೆ ನೀವೇ ಹೊಣೆ. ಮುಚ್ಚಳಿಕೆ ಇಲ್ಲದಿದ್ದರೆ, ವಾರಸುದಾರರಾಗಿ ತಂದೆಯ ಆಸ್ತಿಯಿಂದ ನಿಮಗೆ ಬಂದಷ್ಟರ ಮಟ್ಟಿಗೆ ಮಾತ್ರ ಜವಾಬ್ದಾರಿ. ಆಸ್ಪತ್ರೆಯಿಂದ ಆ ಕಾಗದಗಳ ಪ್ರತಿಯನ್ನೂ ಬಾಬ್ತುವಾರು ಬಿಲ್ಲನ್ನೂ ಕೇಳಿ. ಕೇಳುವ ಪತ್ರದಲ್ಲಿ "ನಮ್ಮ ಬಾಕಿ" ಅನ್ನಬೇಡಿ, "ನೀವು ಬಾಕಿ ಎನ್ನುತ್ತಿರುವ ಮೊತ್ತ" ಎಂದು ಬರೆಯಿರಿ. ಬಿಲ್ ಕಟ್ಟಲು ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯಿಂದ ಇಎಂಐ ಸಾಲ ತೆಗೆದಿದ್ದರೆ ಅದು ಬೇರೆಯೇ ಲೆಕ್ಕ, ಸಿಬಿಲ್‌ಗೂ ಹೋಗುತ್ತದೆ.

ಇಂದೇ ಮಾಡಬೇಕಾದದ್ದೊಂದಿದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕರ್ನಾಟಕ, ಬೆಂಗಳೂರು ಆರಿಸಿ, ಪಕ್ಷಗಾರರ ಹೆಸರಿನ ಹುಡುಕಾಟದಲ್ಲಿ ನಿಮ್ಮ ಮತ್ತು ತಂದೆಯ ಹೆಸರನ್ನು ಬೇರೆ ಬೇರೆ ಸ್ಪೆಲ್ಲಿಂಗ್‌ನಲ್ಲಿ, 2021ರಿಂದ ಈಚೆಗೆ ಪ್ರತಿ ವರ್ಷಕ್ಕೂ ಹಾಕಿ ನೋಡಿ. ಅವಧಿಯೊಳಗೇ ದಾವೆ ಹೂಡಿ, ಸಮನ್ಸ್ ಹಳೇ ಬಾಡಿಗೆ ಮನೆಗೆ ಹೋಗಿ, ನಿಮ್ಮ ವಾದ ಕೇಳದೆಯೇ ತೀರ್ಪು (ಏಕಪಕ್ಷೀಯ ಡಿಕ್ರಿ) ಆಗಿರುವ ಸಾಧ್ಯತೆ ಇರುತ್ತದೆ. ಡಿಕ್ರಿಯಾಗಿದ್ದರೆ ಜಾರಿಗೆ 12 ವರ್ಷ ಸಮಯ, ಮೂರು ವರ್ಷದ ಮಾತೇ ಬರುವುದಿಲ್ಲ. ಆಗ ತಕ್ಷಣ ವಕೀಲರನ್ನು ನೋಡಿ.

ಈಗ ಹೊಸದಾಗಿ ಸಮನ್ಸ್ ಬಂದರೆ ಸುಮ್ಮನಿರಬೇಡಿ. ಅವಧಿ ಮೀರಿದ ದಾವೆಯನ್ನು ಪ್ರತಿವಾದಿ ಕೇಳದಿದ್ದರೂ ವಜಾ ಮಾಡಬೇಕೆಂದು ಲಿಮಿಟೇಷನ್ ಕಾಯ್ದೆಯ 3ನೇ ಕಲಂ ಹೇಳುತ್ತದೆ, ಆದರೂ ದಿನಾಂಕಗಳನ್ನು ಎತ್ತಿ ತೋರಿಸಲು ನಿಮ್ಮ ಕಡೆಯವರು ಅಲ್ಲಿರಲೇಬೇಕು. ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನಿಮ್ಮ ಉತ್ತರ ಸಲ್ಲಿಸಲು, 30 ದಿನ; ಕೋರ್ಟ್ ಅದನ್ನು 90ರವರೆಗೆ ವಿಸ್ತರಿಸಬಹುದು.

ಅವಧಿ ಮುಗಿದರೆ ಹೋಗುವುದು ಕೋರ್ಟಿನ ದಾರಿ ಮಾತ್ರ, ಸಾಲ ಅಳಿಸಿಹೋಗುವುದಿಲ್ಲ. ಆಸ್ಪತ್ರೆಯವರು ಕೇಳಬಹುದು, ಬೆದರಿಸುವಂತಿಲ್ಲ. ಬಿಲ್ ಬಾಕಿ ಸಿವಿಲ್ ವಿಷಯ, ಪೊಲೀಸರು ವಸೂಲಿ ಮಾಡಿಕೊಡುವ ಕೆಲಸವಲ್ಲ. ಕೊಡಬೇಕೆಂದು ನಿಮಗೇ ಅನಿಸಿದರೆ ಮೊತ್ತ ಇಳಿಸಿ ಮಾತಾಡಿ, ಒಂದೇ ಕಂತಿನಲ್ಲಿ ಆಸ್ಪತ್ರೆಯ ಖಾತೆಗೇ ಕಟ್ಟಿ, ಅವತ್ತೇ "ಬಾಕಿ ಇಲ್ಲ" ಪತ್ರ ತೆಗೆದುಕೊಳ್ಳಿ. ವಕೀಲರ ಫೀಸು ಭಾರವೆನಿಸಿದರೆ 15100ಕ್ಕೆ ಕರೆಮಾಡಿ ಉಚಿತ ಕಾನೂನು ನೆರವು ಕೇಳಿ. ದಾವೆ ತಾಯಿಯವರ ಹೆಸರಿಗೆ ಬಂದರೆ, ಮಹಿಳೆಯರಿಗೆ ಆ ನೆರವು ಪಡೆಯಲು ಆದಾಯದ ಮಿತಿ ಇಲ್ಲ.