ಪಟ್ಟಿಯನ್ನು ಮಗುವೇ ಮಡಚಲಿ

ಪ್ರಶ್ನೆ: ನಾನು ನಾಲ್ಕನೇ ತರಗತಿಗೆ ಗಣಿತ ಕಲಿಸುವ ಶಿಕ್ಷಕಿ. ಭಿನ್ನರಾಶಿಯನ್ನು ಚಟುವಟಿಕೆಯ ಮೂಲಕವೇ ಕಲಿಸಬೇಕೆಂದು ರಟ್ಟಿನ ವೃತ್ತಗಳನ್ನು ಕತ್ತರಿಸಿ, ಪ್ರತಿ ತುಂಡಿನ ಮೇಲೂ 1/2, 1/3, 1/4 ಎಂದು ಬರೆದು ಮಕ್ಕಳಿಗೆ ಕೊಟ್ಟೆ. ತುಂಡು ಜೋಡಿಸುವಾಗ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಪುಸ್ತಕಕ್ಕೆ ಬಂದ ಕೂಡಲೇ ನಾಲ್ಕಕ್ಕಿಂತ ಎಂಟು ದೊಡ್ಡದಾದ್ದರಿಂದ 1/4ಕ್ಕಿಂತ 1/8 ದೊಡ್ಡದು ಎನ್ನುತ್ತಾರೆ. 1/2 ಮತ್ತು 1/3 ಕೂಡಿಸಿದರೆ 2/5 ಎಂದು ಬರೆಯುತ್ತಾರೆ. ನಾನು ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಶ್ರಮ ವ್ಯರ್ಥವಾಗಿಲ್ಲ. ಆದರೆ ಆ ಚಟುವಟಿಕೆಯಲ್ಲಿ ಭಾಗ ಮಾಡುವ ಕೆಲಸವನ್ನು ಮಾಡಿದವರು ನೀವು, ಮಕ್ಕಳಲ್ಲ. ತುಂಡಿನ ಮೇಲೆ 1/4 ಎಂದು ಬರೆದಿರುವಾಗ ಮಗು ಅದನ್ನು ಓದಿ, ಹೊಂದುವ ಜಾಗದಲ್ಲಿ ಇಟ್ಟರೆ ಸಾಕು. ಆ ತುಂಡು ಏಕೆ ಕಾಲು ಭಾಗವಾಯಿತು ಎಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಕೈಗೆ ಕೆಲಸ ಸಿಕ್ಕಿದ ಮಾತ್ರಕ್ಕೆ ಬುದ್ಧಿಗೂ ಕೆಲಸ ಸಿಕ್ಕಿತೆಂದು ತಿಳಿಯುವುದು ನಾವು ಶಿಕ್ಷಕರು ಸಾಮಾನ್ಯವಾಗಿ ಮಾಡುವ ತಪ್ಪು.

ವೃತ್ತವನ್ನು ಸದ್ಯಕ್ಕೆ ಬದಿಗಿಟ್ಟು, ಪ್ರತಿ ಮಗುವಿಗೂ 24 ಸೆಂಟಿಮೀಟರ್ ಉದ್ದದ ಕೆಲವು ಕಾಗದದ ಪಟ್ಟಿಗಳನ್ನು ಕೊಡಿ. ವೃತ್ತವನ್ನು ಮೂರು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಪಟ್ಟಿಯಾದರೆ ಮಡಚಬಹುದು, ಒಂದರ ಪಕ್ಕ ಒಂದಿಟ್ಟು ಉದ್ದವನ್ನು ಹೋಲಿಸಬಹುದು. 24 ಎಂಬ ಅಳತೆಗೂ ಕಾರಣವಿದೆ: ಅರ್ಧಕ್ಕೆ 12, ಮೂರನೇ ಒಂದಕ್ಕೆ 8, ಕಾಲಿಗೆ 6, ಆರನೇ ಒಂದಕ್ಕೆ 4, ಎಂಟನೇ ಒಂದಕ್ಕೆ 3 ಸೆಂಟಿಮೀಟರ್, ಹೀಗೆ ಎಲ್ಲವೂ ಪೂರ್ಣಸಂಖ್ಯೆಯಲ್ಲೇ ಬರುತ್ತವೆ. ಪಟ್ಟಿಯನ್ನು ಒಮ್ಮೆ ಮಡಚಿಸಿ, ಬಿಡಿಸುವ ಮೊದಲೇ ಎಷ್ಟು ಭಾಗವಾಗಿದೆಯೆಂದು ಕೇಳಿ. ಎರಡನೇ ಸಲವೂ ಕೇಳಿ. ಮೂರನೇ ಸಲ ಮಡಚಿದಾಗ ಎರಡು, ನಾಲ್ಕು, ಆರು ಎಂಬ ಲೆಕ್ಕದಲ್ಲಿ ಹಲವರು "ಆರು" ಎನ್ನುತ್ತಾರೆ. ಆಗ ತಿದ್ದಬೇಡಿ, ಪಟ್ಟಿಯನ್ನು ಬಿಡಿಸಿ ಎಣಿಸಲು ಹೇಳಿ. ಎಂಟು ಭಾಗಗಳನ್ನು ಬೆರಳಿಟ್ಟು ಎಣಿಸಿದ ಮಗುವಿಗೆ, ಮಡಚಿದಷ್ಟೂ ಭಾಗಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದು ಭಾಗವೂ ಕಿರಿದಾಗುತ್ತದೆ ಎಂಬುದು ಕಣ್ಣೆದುರಿಗೇ ಇರುತ್ತದೆ. 1/8 ಏಕೆ ಚಿಕ್ಕದೆಂಬುದನ್ನು ನಿಯಮವಾಗಿ ಬಾಯಿಪಾಠ ಮಾಡಿಸುವ ಅಗತ್ಯ ಆಮೇಲೆ ಇರುವುದಿಲ್ಲ. ಮೂರು ಭಾಗ ಮಾಡುವಾಗ ಎರಡು ತುದಿಗಳನ್ನೂ ಒಳಕ್ಕೆ ಮಡಚಿ, ಮೂರು ಪದರಗಳೂ ಸಮನಾಗುವವರೆಗೆ ಸರಿಸಿ ಒತ್ತಲು ಹೇಳಿಕೊಡಿ. ಇದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ, ಅವಸರಿಸಬೇಡಿ.

1/8 ಎಂಬ ಬರಹವನ್ನು ತಡವಾಗಿ ತನ್ನಿ. ಮೊದಲು ಮಾತಿನಲ್ಲಿ "ಎಂಟನೇ ಒಂದು", "ಎಂಟನೇ ಮೂರು" ಎಂದೇ ಹೇಳಿಸಿ. ಕನ್ನಡದ ಈ ಕ್ರಮ ಬಹಳ ಅನುಕೂಲಕರವಾದದ್ದು: ಎಷ್ಟು ಸಮಭಾಗಗಳಲ್ಲಿ ಎಂಬುದು ಮೊದಲು, ಅವುಗಳಲ್ಲಿ ಎಷ್ಟು ಎಂಬುದು ನಂತರ. "ಮೂರು ಬೈ ಎಂಟು" ಎಂದು ಓದಿಸಿದರೆ ಮಗುವಿನ ಕಿವಿಗೆ ಬೀಳುವುದು ಮೂರು ಮತ್ತು ಎಂಟು ಎಂಬ ಎರಡು ಬಿಡಿ ಸಂಖ್ಯೆಗಳು ಮಾತ್ರ. ಬ್ರಹ್ಮಗುಪ್ತನ ಕಾಲದಲ್ಲಿ, ಅಂದರೆ ಏಳನೇ ಶತಮಾನದಲ್ಲಿ, ಅಂಶವನ್ನು ಮೇಲೆಯೂ ಛೇದವನ್ನು ಕೆಳಗೂ ಬರೆಯುತ್ತಿದ್ದರೇ ಹೊರತು ನಡುವೆ ಗೆರೆ ಇರಲಿಲ್ಲ. ಗೆರೆಯನ್ನು ಸೇರಿಸಿದವರು ಮುಂದಿನ ಅರಬ್ ಗಣಿತಜ್ಞರು. ದೊಡ್ಡವರೇ ಇಷ್ಟು ಕಾಲ ತೆಗೆದುಕೊಂಡು ರೂಪಿಸಿದ ಬರಹಕ್ಕೆ ಒಗ್ಗಿಕೊಳ್ಳಲು ಮಕ್ಕಳಿಗೆ ಕೆಲವು ವಾರಗಳನ್ನಾದರೂ ಕೊಡಬೇಕು. ಪಟ್ಟಿಗೂ ಬರಹಕ್ಕೂ ನಡುವೆ ಚಿತ್ರವೂ ಬರಲಿ. ಮಡಚಿದ ಪಟ್ಟಿಯನ್ನು ನೋಡಿಕೊಂಡು ಅವರೇ ಪುಸ್ತಕದಲ್ಲಿ ಬಿಡಿಸಲಿ.

ಇನ್ನು ಆ 2/5. ಕೂಡಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: "ಉತ್ತರ ಅರ್ಧಕ್ಕಿಂತ ಹೆಚ್ಚು ಬರುತ್ತದೆಯೋ, ಕಡಿಮೆ ಬರುತ್ತದೆಯೋ?" ಬಳಿಕ ಇಡೀ ಪಟ್ಟಿಯ ಮೇಲೆ ಅರ್ಧದ ತುಂಡನ್ನೂ ಅದಕ್ಕೆ ತಾಗಿಸಿ ಮೂರನೇ ಒಂದರ ತುಂಡನ್ನೂ ಇಡಿಸಿ. ಎರಡೂ ಸೇರಿ 20 ಸೆಂಟಿಮೀಟರ್ ಆವರಿಸುತ್ತವೆ. 2/5 ಎಂದರೆ 24ರಲ್ಲಿ 10 ಸೆಂಟಿಮೀಟರ್ ಕೂಡ ಆಗುವುದಿಲ್ಲ, ಅಂದರೆ ಮೊದಲಿಟ್ಟ ಅರ್ಧಕ್ಕಿಂತಲೂ ಕಡಿಮೆ. ಆ 20 ಸೆಂಟಿಮೀಟರನ್ನು ಒಂದೇ ಅಳತೆಯ ತುಂಡುಗಳಿಂದ ಮುಚ್ಚಲು ಹೇಳಿ. ಕಾಲಿನ ತುಂಡು ಹೊಂದುವುದಿಲ್ಲ, ಎಂಟನೇ ಒಂದರದ್ದೂ ಹೊಂದುವುದಿಲ್ಲ. ಆರನೇ ಒಂದರ ಐದು ತುಂಡುಗಳು ಸರಿಯಾಗಿ ಕೂರುತ್ತವೆ. ಛೇದಗಳನ್ನು ಸಮ ಮಾಡುವುದೆಂದರೆ ಇದೇ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರು ಮುಂದೆ ಬಂದರೂ ಅಡ್ಡಿಯಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಿದೆ. ಸದಾ ಒಂದೇ ಅಳತೆಯ ಪಟ್ಟಿ ಕೊಟ್ಟರೆ 6 ಸೆಂಟಿಮೀಟರ್ ಉದ್ದಕ್ಕೇ "ಕಾಲು" ಎಂಬ ಹೆಸರೆಂದು ಮಕ್ಕಳು ತಿಳಿಯಬಹುದು. ಬೆಲ್ಜಿಯಂನ ಶಾಲಾ ಶಿಕ್ಷಕ ಜಾರ್ಜ್ ಕ್ವಿಸನೇರ್ ರೂಪಿಸಿದ, 1 ರಿಂದ 10 ಸೆಂಟಿಮೀಟರ್‌ವರೆಗಿನ ಬಣ್ಣದ ಕಡ್ಡಿಗಳು ಇಲ್ಲಿ ನೆರವಾಗುತ್ತವೆ. ಅವುಗಳಲ್ಲಿ 2 ಸೆಂಟಿಮೀಟರ್‌ನ ಕೆಂಪು ಕಡ್ಡಿಯನ್ನು 4ರ ಕಡ್ಡಿಯ ಪಕ್ಕ ಇಟ್ಟರೆ ಅದು ಅರ್ಧ, 6ರ ಪಕ್ಕ ಮೂರನೇ ಒಂದು, 8ರ ಪಕ್ಕ ಕಾಲು, 10ರ ಪಕ್ಕ ಐದನೇ ಒಂದು. ಕಡ್ಡಿ ಬದಲಾಗಲಿಲ್ಲ, ಪೂರ್ಣ ಬದಲಾಯಿತು. ಕಡ್ಡಿಗಳಿಲ್ಲದಿದ್ದರೆ ಬಣ್ಣದ ಕಾಗದದಲ್ಲೇ ಕತ್ತರಿಸಿಕೊಳ್ಳಬಹುದು. ತಿರುಗುಮುರುಗಾಗಿಯೂ ಕೇಳಿ: ಒಂದು ತುಂಡು ಕೊಟ್ಟು, "ಇದು ಮೂರನೇ ಎರಡು ಭಾಗ, ಪೂರ್ಣವನ್ನು ಮಾಡಿ ತೋರಿಸು" ಎನ್ನಿ. ತುಂಡನ್ನು ಎರಡಾಗಿ ಮಡಚಿ, ಅಂಥದ್ದೇ ಇನ್ನೊಂದು ಭಾಗವನ್ನು ಸೇರಿಸುವ ಮಗುವಿಗೆ ಭಿನ್ನರಾಶಿ ತಿಳಿದಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಪ್ರಶ್ನೆ: ಮಗಳು ಐದನೇ ತರಗತಿ ಮುಗಿಸಿದ್ದಾಳೆ. ಭಾಗಾಕಾರದಲ್ಲಿ "ಎರಡನೆಯದನ್ನು ತಿರುಗಿಸಿ ಗುಣಿಸು" ಎಂಬ ಸೂತ್ರದಿಂದ ಸರಿಯುತ್ತರ ತರುತ್ತಾಳೆ, ಆದರೆ ಏಕೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾಳೆ. ಈ ವಯಸ್ಸಿನಲ್ಲಿ ಮತ್ತೆ ಪಟ್ಟಿ ಹಿಡಿಸುವುದು ಹಿಂದಕ್ಕೆ ಹೋದಂತಲ್ಲವೇ?

ಉತ್ತರ: ಖಂಡಿತ ಅಲ್ಲ. 2 ÷ 1/3 ಎಂದರೆ ಎರಡು ಪಟ್ಟಿಗಳಲ್ಲಿ ಮೂರನೇ ಒಂದರ ತುಂಡುಗಳು ಎಷ್ಟು ಹಿಡಿಸುತ್ತವೆ ಎಂದಷ್ಟೇ ಅರ್ಥ. ಒಂದರಲ್ಲಿ ಮೂರು, ಎರಡರಲ್ಲಿ ಆರು ಎಂದು ಅವಳೇ ಹೇಳುತ್ತಾಳೆ, ಮೂರರಿಂದ ಗುಣಿಸಿದ ಕಾರಣವೂ ಅಲ್ಲೇ ಕಾಣುತ್ತದೆ. ಆಮೇಲೆ 3/4 ÷ 1/2 ಕೊಡಿ. ಮುಕ್ಕಾಲು ಪಟ್ಟಿಯನ್ನು ಅರ್ಧದ ತುಂಡಿನಿಂದ ಅಳೆದಾಗ ಒಂದು ಸಲ ಪೂರ್ತಿ ಹಿಡಿದು, 6 ಸೆಂಟಿಮೀಟರ್ ಉಳಿಯುತ್ತದೆ. ಉಳಿದದ್ದು ಕಾಲು ಭಾಗವಾದ್ದರಿಂದ ಉತ್ತರ ಒಂದೂಕಾಲು ಎಂದು ಅವಳು ತಪ್ಪಾಗಿ ಹೇಳಿದರೆ ಸೂತ್ರವನ್ನು ನೆನಪಿಸಬೇಡಿ. ಅಳೆಯುತ್ತಿರುವ ತುಂಡನ್ನು ಉಳಿದ ಭಾಗದ ಮೇಲೆ ಮತ್ತೊಮ್ಮೆ ಇಡಲು ಹೇಳಿ, ಆ ತುಂಡಿನಲ್ಲಿ ಎಷ್ಟು ಭಾಗ ಬಳಕೆಯಾಯಿತು ಎಂದು ಕೇಳಿ, ಉತ್ತರಕ್ಕಾಗಿ ಕಾಯಿರಿ.