ಎಣಿಕೆಯನ್ನು ನೇರವಾಗಿ ಹೋಲಿಸಬೇಡಿ

ಮಲ್ಪೆ ಕಡಲಿನಲ್ಲಿ 300 ಮೈಕ್ರೊಮೀಟರ್ (0.3 ಮಿಲಿಮೀಟರ್) ಕಣ್ಣಿನ ಬಲೆಗೆ ಸಿಕ್ಕ ಪ್ಲಾಸ್ಟಿಕ್ ಕಣಗಳ ಸಂಖ್ಯೆಯನ್ನು, ಪ್ರಯೋಗಾಲಯದಲ್ಲಿ ಮೀನಿಗೆ ತೊಂದರೆಯಾದ ಪ್ರಮಾಣದೊಂದಿಗೆ ಹೋಲಿಸಬಹುದೇ ಎಂದು ಕೇಳಿದ್ದೀರಿ. ಹಾಗೆಯೇ ಹೋಲಿಸಿದರೆ ರಾಗಿಕಾಳನ್ನೂ ತೆಂಗಿನಕಾಯಿಯನ್ನೂ ಒಂದೇ ಲೆಕ್ಕದಲ್ಲಿ ಎಣಿಸಿದಂತೆ! ನಿಮ್ಮ ಬಲೆಯಿಂದ ಸಣ್ಣ ಕಣಗಳೂ ಬಟ್ಟೆಯ ತೆಳು ಎಳೆಗಳೂ ನುಸುಳಿಹೋಗುತ್ತವೆ. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಬಳಸುವುದೋ, ಅದಕ್ಕಿಂತ ಎಷ್ಟೋ ಚಿಕ್ಕದಾದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನುಣುಪು ಗುಂಡುಗಳನ್ನು. ಅದೂ ಕಡಲಿನಲ್ಲಿ ಸಾಮಾನ್ಯವಾಗಿ ಕಾಣದಷ್ಟು ದಟ್ಟವಾಗಿ.

ಮೊದಲು ಎರಡನ್ನೂ 1ರಿಂದ 5,000 ಮೈಕ್ರೊಮೀಟರ್‌ನಂಥ ಒಂದೇ ಗಾತ್ರಶ್ರೇಣಿಗೆ ಹೊಂದಿಸಿ. ಆಮೇಲೆ ನೀರಿನಲ್ಲಿರುವ ಕಣಗಳ ಸಾಂದ್ರತೆಯನ್ನು (ಇಂತಿಷ್ಟು ನೀರಿಗೆ ಎಷ್ಟು ಕಣ ಎಂಬುದನ್ನು), ಜೀವಿಗಳಿಗೆ ಹಾನಿಯಾಗದೆಂದು ಅಂದಾಜಿಸಿದ ಸಾಂದ್ರತೆಯಿಂದ ಭಾಗಿಸಿ; ಉತ್ತರ 1ನ್ನು ದಾಟಿದರೆ ಚಿಂತಿಸಬೇಕು.

ಅಂದ ಹಾಗೆ, ಹೋಲಿಕೆಗಾಗಿ ಕಣಗಳಿಲ್ಲದ ಶುದ್ಧ ನೀರಿನ ಖಾಲಿ ಮಾದರಿಯನ್ನೂ ಅದೇ ರೀತಿ ಪರೀಕ್ಷಿಸಿದ್ದೀರಿ ತಾನೆ? ನಿಮ್ಮ ಅಂಗಿಯ ಎಳೆಗಳೇ ಎಣಿಕೆಗೆ ಸೇರಿರಬಹುದು.